ಮೀಟಪ್ ಸಾಕೋ, ಕಾನ್ಫರೆನ್ಸ್ ಬೇಕೋ: ಬೆಳಗಾವಿಯಲ್ಲಿ ಡೆವಲಪರ್‌ಗಳನ್ನು ಸೇರಿಸಲು ಹೊರಟವರಿಗೆ

ಕಳೆದ ತಿಂಗಳು ಟಿಳಕವಾಡಿಯ ಒಂದು ಚಹಾದಂಗಡಿಯಲ್ಲಿ ನಾಲ್ಕು ಹುಡುಗರು ನನ್ನನ್ನು ಹಿಡಿದು ಕೂರಿಸಿದರು. ಇಬ್ಬರು ಪುಣೆಯ ಕಂಪನಿಗಳಿಗೆ ಮನೆಯಿಂದಲೇ ಕೆಲಸ ಮಾಡುತ್ತಾರೆ. ಒಬ್ಬ ಉದ್ಯಮಬಾಗದ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಾನೆ. ಇನ್ನೊಬ್ಬ ಎಂಜಿನಿಯರಿಂಗ್ ಏಳನೇ ಸೆಮಿಸ್ಟರ್. "ಅಣ್ಣಾ, ಬೆಳಗಾವ್ಯಾಗ ಒಂದ್ ದೊಡ್ಡ ಕಾನ್ಫರೆನ್ಸ್ ಮಾಡೂಣಂತ ಮಾಡೇವಿ. ಐನೂರ್ ಮಂದಿ. ಏನಂತೀರಿ?"

"ಬಾಗಿಲದಾಗ ಹೆಸರ ಬರಕೊಳ್ಳಾಕ ಯಾರ್ ಕೂಡ್ತೀರಿ?" ಅಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ವರಿಗೂ ವೇದಿಕೆಯ ಮೇಲೆ ಕೆಲಸ ಇತ್ತು. ಕೆಳಗೆ ಯಾರಿಗೂ ಇರಲಿಲ್ಲ.

ಇದೇ ಪ್ರಶ್ನೆ ಬಾಗಲಕೋಟೆಯಿಂದಲೂ ಬರುತ್ತದೆ, ವಿಜಯಪುರದಿಂದಲೂ ಬರುತ್ತದೆ. ತಿಂಗಳಿಗೊಂದು ಸಣ್ಣ ಮೀಟಪ್ ಮಾಡೋದಾ, ವರ್ಷಕ್ಕೊಂದು ದೊಡ್ಡ ಕಾನ್ಫರೆನ್ಸ್ ಮಾಡೋದಾ, ಬಾರ್‌ಕ್ಯಾಂಪ್ ಅಂತಾರಲ್ಲ, ಅದಾ? ಅಥವಾ ಸುಮ್ನೆ ಒಂದು ವರ್ಕ್‌ಶಾಪಾ? ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಎತ್ತಿಟ್ಟವನ ಕಣ್ಣಿಗೆ ಇವು ಹೇಗೆ ಕಾಣುತ್ತವೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಅಳತೆಗೋಲು

ಯಾವುದನ್ನು ಆರಿಸುವ ಮೊದಲೂ ನಾಲ್ಕು ವಿಷಯ ನೋಡಿಕೊಳ್ಳಿ. ಎಷ್ಟು ಕೈಗಳಿವೆ ಅನ್ನೋದು ಮೊದಲನೆಯದು. ವಾಟ್ಸಾಪ್ ಗ್ರೂಪಿನಲ್ಲಿ ಹೆಬ್ಬೆರಳು ಎತ್ತಿದವರ ಲೆಕ್ಕ ಅಲ್ಲ. ಹಿಂದಿನ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಎತ್ತುವವರ ಲೆಕ್ಕ. ಎರಡನೆಯದು ದುಡ್ಡು. ಅದರಲ್ಲೂ ಒಟ್ಟು ಖರ್ಚಿಗಿಂತ ಮುಂಗಡ ಯಾರ ಜೇಬಿನಿಂದ ಹೋಗುತ್ತದೆ ಅನ್ನೋದು ಮುಖ್ಯ. ಮೂರನೆಯದು, ಬರುವವರು ಯಾರು? ವಿದ್ಯಾರ್ಥಿಗಳಾ, ಕೆಲಸದಲ್ಲಿರುವವರಾ? ಇಬ್ಬರಿಗೂ ಒಂದೇ ಕಾರ್ಯಕ್ರಮ ಒಗ್ಗುವುದಿಲ್ಲ. ನಾಲ್ಕನೆಯದು, ಮಾತಾಡುವವರು ಎಲ್ಲಿಂದ ಬರುತ್ತಾರೆ ಅನ್ನೋದು.

ಇವೆಲ್ಲದರ ಮೇಲೆ ಇನ್ನೊಂದಿದೆ. ನಾನು ಅದಕ್ಕೇ ಜಾಸ್ತಿ ತೂಕ ಕೊಡುತ್ತೇನೆ. ಇದನ್ನು ಮತ್ತೊಂದು ಸಲ ಮಾಡಲು ನಿಮ್ಮಲ್ಲಿ ಶಕ್ತಿ ಉಳಿದಿರುತ್ತದಾ? ನಮ್ಮ ಕಡೆ ಅದ್ದೂರಿಯಾಗಿ ಒಂದು ಸಲ ನಡೆದು ನಿಂತುಹೋದ ಕಾರ್ಯಕ್ರಮಗಳ ಬ್ಯಾನರ್‌ಗಳು ಎಷ್ಟೋ ಮನೆಗಳ ಅಟ್ಟದ ಮೇಲಿವೆ. ನನ್ನ ಮನೆಯಲ್ಲೇ ಎರಡಿವೆ.

ತಿಂಗಳ ಮೀಟಪ್

ಎರಡು ಮಾತು (ಅಂದರೆ ಟಾಕ್), ಒಂದು ಚಹಾ, ಎರಡು ಗಂಟೆ. ಇಷ್ಟೇ. ಮೂವತ್ತು ಜನಕ್ಕೆ ತಲೆಗೆ ನಲವತ್ತು ರೂಪಾಯಿಯಂತೆ ಚಹಾ, ಮಿರ್ಚಿ ಅಂತ ಹಿಡಿದರೂ 1,200 ರೂಪಾಯಿ. ಮೂವರು ಸೇರಿ ಹಾಕಿದರೆ ಮನೆಯಲ್ಲಿ ಯಾರಿಗೂ ಗೊತ್ತಾಗದಷ್ಟು ಖರ್ಚು. ಜಾಗಕ್ಕೆ ಯಾವುದಾದರೂ ಕಂಪನಿಯ ಮೀಟಿಂಗ್ ರೂಮ್ ಸಾಕು. ಕೆಲಸಕ್ಕೆ ಇಬ್ಬರು ಗಟ್ಟಿ ಜನ ಇದ್ದರೆ ನಡೆಯುತ್ತದೆ.

ಕಷ್ಟ ಇರೋದು ಬೇರೆ ಕಡೆ. ಮೊದಲ ಮೂರು ತಿಂಗಳು ಗೆಳೆಯರೇ ಮಾತಾಡುತ್ತಾರೆ. ನಾಲ್ಕನೇ ತಿಂಗಳು ಮಾತಾಡುವವರು ಯಾರೂ ಸಿಗುವುದಿಲ್ಲ. ಆಗ ಹನ್ನೆರಡು ಜನ ಬರುತ್ತಾರೆ, ಅದರಲ್ಲಿ ಐವರು ನೀವೇ. ಆ ತಿಂಗಳು ನಿಲ್ಲಿಸದವರು ಉಳಿಯುತ್ತಾರೆ. ಆದ್ದರಿಂದ ಮೊದಲ ಮೀಟಪ್‌ಗಿಂತ ಮುಂಚೆಯೇ ಆರು ತಿಂಗಳ ಹನ್ನೆರಡು ಮಾತುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬರೆಯಲು ಆಗಲಿಲ್ಲ ಅಂದರೆ ಎರಡು ತಿಂಗಳಿಗೊಮ್ಮೆ ಅಂತ ಘೋಷಿಸಿ, ನಾಚಿಕೆ ಏನಿಲ್ಲ.

ಸಮಯದ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ ಸಂಜೆ ಆರೂವರೆಗೆ ಶುರು ಮಾಡುತ್ತಾರೆ ಅಂತ ನಾವೂ ಹಾಗೇ ಇಟ್ಟಿದ್ದೆವು. ಹುಡುಗಿಯರು ಯಾರೂ ಬರಲಿಲ್ಲ. ಆಮೇಲೆ ಒಬ್ಬಳು ಹೇಳಿದಳು, "ಹಾಸ್ಟೆಲ್ ಗೇಟ್ ಬಂದ್ ಆಗತೈತಿ ಸರ್, ಬೈಲಹೊಂಗಲದ ಕಡೆಯವರಿಗೆ ಬಸ್ಸೂ ತಪ್ಪತೈತಿ." ಶನಿವಾರ ನಾಲ್ಕರಿಂದ ಆರು ಅಂತ ಬದಲಿಸಿದೆವು. ಮುಂದಿನ ಸಲ ಬಂದವರಲ್ಲಿ ಮೂರನೇ ಒಂದು ಭಾಗ ಹುಡುಗಿಯರೇ ಇದ್ದರು. ಕಾರ್ಖಾನೆಗಳ ಜೊತೆ ಕೆಲಸ ಮಾಡುವವರು ಬೇಕಿದ್ದರೆ ಅವರ ವಾರದ ರಜೆ ಯಾವತ್ತು ಅಂತ ಕೇಳಿ ನೋಡಿ. ಭಾನುವಾರವೇ ಇರಬೇಕೆಂದೇನಿಲ್ಲ.

ಬಾರ್‌ಕ್ಯಾಂಪ್

2005ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಶುರುವಾದ ಪದ್ಧತಿ ಇದು. ಮುಂಚಿತವಾಗಿ ಯಾರು ಏನು ಮಾತಾಡುತ್ತಾರೆ ಅಂತ ಇರುವುದಿಲ್ಲ. ಬೆಳಿಗ್ಗೆ ಗೋಡೆಗೆ ಒಂದು ಖಾಲಿ ವೇಳಾಪಟ್ಟಿ ಅಂಟಿಸುತ್ತಾರೆ. ಮಾತಾಡುವ ಆಸೆ ಇದ್ದವರು ಚೀಟಿಯಲ್ಲಿ ವಿಷಯ ಬರೆದು ಖಾಲಿ ಚೌಕದಲ್ಲಿ ಹಚ್ಚುತ್ತಾರೆ. ಕೇಳಲು ಬೇಸರವಾದರೆ ಎದ್ದು ಪಕ್ಕದ ಕೋಣೆಗೆ ಹೋಗಬಹುದು, ಯಾರೂ ತಪ್ಪು ತಿಳಿಯಬಾರದು.

ಖರ್ಚು ಕಡಿಮೆ. ಅರವತ್ತು ಜನಕ್ಕೆ ಗಿರ್ಮಿಟ್, ಚಹಾ, ಚಾರ್ಟ್ ಪೇಪರ್, ಮಾರ್ಕರ್ ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿಸಬಹುದು. ಮಾತಾಡುವವರನ್ನು ಹುಡುಕುವ ತಲೆನೋವಿಲ್ಲ, ಪ್ರಯಾಣದ ಟಿಕೆಟ್ ಇಲ್ಲ. ಆದರೆ ಎರಡು ಮೂರು ಕೋಣೆ ಅಕ್ಕಪಕ್ಕ ಬೇಕು. ಅದಕ್ಕೆ ಭಾನುವಾರದ ಕಾಲೇಜು ಕಟ್ಟಡದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ.

ನಮ್ಮ ಕಡೆ ಇದಕ್ಕೆ ಅಡ್ಡ ಬರೋದು ಸಂಕೋಚ. ಗೋಡೆ ಖಾಲಿಯೇ ಇರುತ್ತದೆ. ಮೊದಲ ಸಲ ಅರ್ಧ ಗಂಟೆ ನಾವು ಆ ಖಾಲಿ ಚಾರ್ಟನ್ನೇ ನೋಡುತ್ತ ನಿಂತಿದ್ದೆವು. ಎರಡನೇ ಸಲ ನಾಲ್ಕು ಜನರಿಗೆ ಮೊದಲೇ ಹೇಳಿಟ್ಟಿದ್ದೆವು: ಬಂದ ಕೂಡಲೇ ನಿಮ್ಮ ಚೀಟಿ ಹಚ್ಚಿ. ಅದೂ ಸಣ್ಣ ಸಣ್ಣ ವಿಷಯ. "ನಾನು ಗಿಟ್‌ನಲ್ಲಿ ಮಾಡಿಕೊಂಡ ಅವಾಂತರ" ಅಂತ ಒಬ್ಬ ಬರೆದ (ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ). ಅದನ್ನು ನೋಡಿದ ಮೇಲೆ ಉಳಿದವರ ಕೈಗೂ ಮಾರ್ಕರ್ ಬಂತು. ಹತ್ತು ನಿಮಿಷದಲ್ಲಿ ಜಾಗ ಸಾಲದಾಯಿತು.

ಕೆಲಸದಲ್ಲಿರುವವರು, ವಿದ್ಯಾರ್ಥಿಗಳು ಇಬ್ಬರೂ ಸಮಾನವಾಗಿ ಬೆರೆಯುವ ಕೂಟ ಬೇಕಿದ್ದರೆ ನನ್ನ ಮೊದಲ ಆಯ್ಕೆ ಇದೇ. ಬರೀ ವಿದ್ಯಾರ್ಥಿಗಳೇ ಬರುತ್ತಾರೆ ಅಂತಾದರೆ ಬೇಡ, ಎಲ್ಲ ಚೀಟಿಗಳೂ "ಪ್ಲೇಸ್‌ಮೆಂಟ್ ಹೇಗೆ" ಅಂತಲೇ ಆಗುತ್ತವೆ.

ಒಂದು ದಿನದ ಕಾನ್ಫರೆನ್ಸ್

ಇದು ಮದುವೆ ಇದ್ದ ಹಾಗೆ. ಮದುವೆಗೆ ಮನೆಮಂದಿಯಾದರೂ ಇರುತ್ತಾರೆ, ಇಲ್ಲಿ ಅದೂ ಇಲ್ಲ.

ಒಂದು ಲೆಕ್ಕ ಹಾಕೋಣ. 150 ಜನ ಅಂತ ಇಟ್ಟುಕೊಳ್ಳಿ. ಊಟ, ಎರಡು ಸಲ ಚಹಾ ಸೇರಿ ತಲೆಗೆ 250 ಹಿಡಿದರೆ 37,500. ಹೊರಗಿನಿಂದ ಬರುವ ನಾಲ್ವರಿಗೆ ಪ್ರಯಾಣ, ಒಂದು ರಾತ್ರಿಯ ರೂಮು ಸೇರಿ ತಲಾ 4,000ದಂತೆ 16,000. ಸೌಂಡು, ಬ್ಯಾನರು, ಬ್ಯಾಡ್ಜು, ರೆಕಾರ್ಡಿಂಗು 20,000. ಟೀ ಶರ್ಟು ಒಂದಕ್ಕೆ 300ರಂತೆ 45,000. ಒಟ್ಟು 1,18,500. ಸಭಾಂಗಣ ಪುಕ್ಕಟೆ ಸಿಕ್ಕರೆ ಇಷ್ಟು. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಬಾಬತ್ತು ಯಾವುದು ನೋಡಿದಿರಾ? ಟೀ ಶರ್ಟು. ಅದನ್ನು ಕೈಬಿಟ್ಟರೆ 73,500ಕ್ಕೆ ಇಳಿಯಿತು. ಎಲ್ಲರಿಗೂ 300 ರೂಪಾಯಿ ಟಿಕೆಟ್ ಇಟ್ಟರೆ 45,000 ಅಲ್ಲೇ ಬರುತ್ತದೆ. ಸ್ಪಾನ್ಸರ್‌ಗಳಿಂದ ಹುಟ್ಟಿಸಬೇಕಾದದ್ದು 28,500 ಮಾತ್ರ. ಟೀ ಶರ್ಟ್ ಬೇಕೇ ಬೇಕು ಅನ್ನುವ ಹುಡುಗರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. ಆಮೇಲೆ ಸುಮ್ಮನಾಗುತ್ತಾರೆ.

ಟಿಕೆಟ್ ಇಡೋದಾ ಬೇಡವಾ ಅಂತ ತುಂಬಾ ಜನ ಹಿಂಜರಿಯುತ್ತಾರೆ. ನಾನು ಇಡಿ ಅನ್ನುತ್ತೇನೆ. ಪುಕ್ಕಟೆ ಕಾರ್ಯಕ್ರಮಕ್ಕೆ ನೂರು ಜನ ಹೆಸರು ಕೊಟ್ಟರೆ ಐವತ್ತು ಜನ ಬಂದರೆ ಪುಣ್ಯ. ಊಟಕ್ಕೆ ಎಷ್ಟು ಜನಕ್ಕೆ ಹೇಳಬೇಕು? ನೂರೈವತ್ತು ರೂಪಾಯಿ ಕೊಟ್ಟವನೂ ಎದ್ದು ಬರುತ್ತಾನೆ. ವಿದ್ಯಾರ್ಥಿಗಳಿಗೆ ಅರ್ಧ ದರ ಮಾಡಿ. ಬ್ರಸೆಲ್ಸ್‌ನಲ್ಲಿ ನಡೆಯುವ ಮುಕ್ತ ತಂತ್ರಾಂಶದವರ ಕಾನ್ಫರೆನ್ಸ್ ಫಾಸ್‌ಡೆಮ್‌ಗೆ ಟಿಕೆಟ್ಟೂ ಇಲ್ಲ, ನೋಂದಣಿಯೂ ಇಲ್ಲ, ಸಾವಿರಾರು ಜನ ಬರುತ್ತಾರೆ ಅಂತ ಯಾರಾದರೂ ವಾದ ಮಾಡಬಹುದು. ಅವರು ಊಟವನ್ನೂ ಹಾಕುವುದಿಲ್ಲ.

ಸ್ಪಾನ್ಸರ್ ಬಗ್ಗೆ ನನಗೆ ಬಿದ್ದ ಪೆಟ್ಟು ಹೇಳಿಬಿಡುತ್ತೇನೆ. ಒಂದು ಕಂಪನಿ ಇಪ್ಪತ್ತೈದು ಸಾವಿರ ಕೊಡುತ್ತೇವೆ ಅಂತ ಮೇಲ್ ಮಾಡಿತ್ತು. ನಾವು ನಂಬಿ ಊಟದವರಿಗೆ ಅಡ್ವಾನ್ಸ್ ಕೊಟ್ಟೆವು, ನನ್ನ ಕ್ರೆಡಿಟ್ ಕಾರ್ಡ್‌ನಲ್ಲಿ. ಕಾರ್ಯಕ್ರಮದ ಹಿಂದಿನ ವಾರ ಅವರು ಕೇಳಿದರು: ನಿಮ್ಮ ಸಂಸ್ಥೆಯ ಪ್ಯಾನ್ ಯಾವುದು, ಬಿಲ್ ಯಾರ ಹೆಸರಲ್ಲಿ? ನಮ್ಮದು ಸಂಸ್ಥೆಯೇ ಅಲ್ಲ, ವಾಟ್ಸಾಪ್ ಗ್ರೂಪು. ದುಡ್ಡು ನಾಲ್ಕು ತಿಂಗಳು ತಡವಾಗಿ, ಇನ್ನೊಬ್ಬರ ಖಾತೆಯ ಮೂಲಕ ಸುತ್ತಿ ಬಂತು. ಕಂಪನಿಗಳು ಯಾರದೋ ವೈಯಕ್ತಿಕ ಯುಪಿಐಗೆ ದುಡ್ಡು ಹಾಕುವುದಿಲ್ಲ, ಹಾಕಲೂಬಾರದು. ಆದ್ದರಿಂದ ಕಾನ್ಫರೆನ್ಸ್ ಅಂದುಕೊಂಡ ದಿನವೇ ದುಡ್ಡು ಯಾವ ನೋಂದಾಯಿತ ಸಂಸ್ಥೆಯ ಖಾತೆಗೆ ಬರಬೇಕು ಅನ್ನೋದನ್ನು ತೀರ್ಮಾನಿಸಿ. ಕಾಲೇಜಿನ ಅಸೋಸಿಯೇಷನ್ ಆಗಬಹುದು, ಈಗಾಗಲೇ ಇರುವ ಯಾವುದಾದರೂ ಸಮುದಾಯದ ಸಂಸ್ಥೆ ಆಗಬಹುದು. ಇದು ಹೊಂದದಿದ್ದರೆ ಮೀಟಪ್‌ಗೇ ನಿಲ್ಲಿ.

ಇನ್ನು ಕೈಗಳು. 150 ಜನರ ಕಾರ್ಯಕ್ರಮಕ್ಕೆ ಕನಿಷ್ಠ ಹತ್ತು ಜನ ಬೇಕು, ಅದರಲ್ಲಿ ಆರು ಜನ ತಮಗೆ ಒಂದು ಟಾಕನ್ನೂ ಕೇಳಲು ಆಗುವುದಿಲ್ಲ ಅಂತ ಒಪ್ಪಿಕೊಂಡಿರಬೇಕು. ತಯಾರಿಗೆ ನಾಲ್ಕು ತಿಂಗಳು.

ಇಷ್ಟೆಲ್ಲ ಹೆದರಿಸಿದರೂ ಕಾನ್ಫರೆನ್ಸ್ ಕೊಡುವುದನ್ನು ಮೀಟಪ್ ಕೊಡುವುದಿಲ್ಲ. ಹುಬ್ಬಳ್ಳಿ, ಗೋವಾ, ಕೊಲ್ಹಾಪುರದವರು ಒಂದು ಮೀಟಪ್‌ಗೆ ಬರುವುದಿಲ್ಲ, ಕಾನ್ಫರೆನ್ಸ್‌ಗೆ ಬರುತ್ತಾರೆ. ನಮ್ಮೂರಿನಲ್ಲೇ ಇದ್ದು ಒಬ್ಬರಿಗೊಬ್ಬರು ಗೊತ್ತಿಲ್ಲದವರು ಊಟದ ಸಾಲಿನಲ್ಲಿ ಸಿಗುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರ ಕಾನ್ಫರೆನ್ಸ್ ಪೈಕಾನ್ ಇಂಡಿಯಾ 2009ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಮೊದಲ ಸಲ ನಡೆದಾಗ ಅದರ ಹಿಂದೆ ನಿಯಮಿತವಾಗಿ ಸೇರುತ್ತಿದ್ದ ಒಂದು ಪೈಥಾನ್ ಬಳಗ ಇತ್ತು. ಆ ಕ್ರಮ ನನಗೆ ಸರಿ ಕಾಣುತ್ತದೆ. ಮೊದಲು ಬಳಗ, ಆಮೇಲೆ ಜಾತ್ರೆ. ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನವರಂತೂ ಊರಿನಲ್ಲಿ ಮೀಟಪ್ ನಡೆಯುತ್ತಿದ್ದರೆ ಮಾತ್ರ ತಮ್ಮ ಕಾನ್ಫರೆನ್ಸ್ ಆದ ವರ್ಡ್‌ಕ್ಯಾಂಪ್ ಮಾಡಲು ಒಪ್ಪುತ್ತಾರೆ.

ವರ್ಕ್‌ಶಾಪ್, ಆನ್‌ಲೈನ್

ಬಾಗಲಕೋಟೆ, ವಿಜಯಪುರದವರಿಗೆ ನಾನು ಮೊದಲು ಹೇಳುವುದು ವರ್ಕ್‌ಶಾಪ್. ಅಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಹಳೆಯವು. ಬಾಗಲಕೋಟೆಯ ಬಸವೇಶ್ವರ ಕಾಲೇಜು 1963ರದ್ದು. ಲ್ಯಾಬ್ ಇದೆ, ವಿದ್ಯಾರ್ಥಿಗಳಿದ್ದಾರೆ. ಊರಿನಲ್ಲೇ ಉಳಿದು ಕೆಲಸ ಮಾಡುವ ಡೆವಲಪರ್‌ಗಳು ಕಡಿಮೆ. ಇಪ್ಪತ್ತೈದು ಜನ, ಒಂದು ವಿಷಯ, ಒಂದು ದಿನ. ಎಂಟು ಜನಕ್ಕೊಬ್ಬ ಸಹಾಯಕ ಇರಲಿ, ಇಲ್ಲದಿದ್ದರೆ ಹಿಂದಿನ ಸಾಲು ಹನ್ನೊಂದು ಗಂಟೆಗೇ ಕೈಬಿಡುತ್ತದೆ. ಸಾಫ್ಟ್‌ವೇರ್ ಅಲ್ಲೇ ಡೌನ್‌ಲೋಡ್ ಮಾಡಿಸಬೇಡಿ. ಎರಡು ಜಿಬಿ ಫೈಲು ಇಪ್ಪತ್ತೈದು ಜನ ಒಟ್ಟಿಗೆ ಇಳಿಸಿದರೆ ಐವತ್ತು ಜಿಬಿ ಆಯಿತು, ಕಾಲೇಜಿನ ವೈಫೈ ಅಲ್ಲಿಗೆ ಮುಗಿಯಿತು. ನಾಲ್ಕು ಪೆನ್‌ಡ್ರೈವ್ ಒಯ್ಯಿರಿ.

ಆನ್‌ಲೈನ್ ಸುಲಭ, ಪುಕ್ಕಟೆ, ಮತ್ತು ಯಾರಿಗೂ ಯಾರೂ ಪರಿಚಯ ಆಗುವುದಿಲ್ಲ. ದೂರದವರೊಬ್ಬರ ಮಾತು ಕೇಳಿಸಲು ಮಾತ್ರ ಬಳಸಿ.

ಜಾಗ ಮತ್ತು ದಿನ

ಕಾಲೇಜಿನ ಸೆಮಿನಾರ್ ಹಾಲ್ ಪುಕ್ಕಟೆ. ಆದರೆ ಅದರ ಬೆಲೆಯನ್ನು ಸಮಯದಲ್ಲಿ ಕಟ್ಟಬೇಕು. ಪ್ರಾರ್ಥನೆ, ದೀಪ ಬೆಳಗುವುದು, ಹೂಗುಚ್ಛ, ವೇದಿಕೆಯ ಮೇಲಿನ ಐದೂ ಜನ ಎರಡೆರಡು ಮಾತು. ಹತ್ತಕ್ಕೆ ಶುರುವಾಗಬೇಕಾದ ಮೊದಲ ಟಾಕ್ ಹನ್ನೊಂದೂ ಕಾಲಿಗೆ. ಇದನ್ನು ತಪ್ಪಿಸಲು ಹೋಗಿ ಮನಸ್ಸು ಕೆಡಿಸಿಕೊಳ್ಳಬೇಡಿ, ವೇಳಾಪಟ್ಟಿಯಲ್ಲೇ ಒಂದು ಗಂಟೆ ಬರೆದುಬಿಡಿ. ಇನ್ನೊಂದು, ಹಾಲ್ ತುಂಬಲಿ ಅಂತ ಒಂದಿಡೀ ಕ್ಲಾಸನ್ನು ಕಳಿಸುತ್ತಾರೆ. ಬೇಡ ಅಂತ ಮೊದಲೇ ವಿನಯವಾಗಿ ಹೇಳಿ. ಬಲವಂತಕ್ಕೆ ಬಂದ ಎಂಬತ್ತು ಜನರ ಗುಸುಗುಸುವಿನಲ್ಲಿ ಆಸೆಯಿಂದ ಬಂದ ಇಪ್ಪತ್ತು ಜನರಿಗೆ ಏನೂ ಕೇಳುವುದಿಲ್ಲ. ಕೆಲವು ಹಾಲ್‌ಗಳಲ್ಲಿ ಮೈಕ್ ಹಚ್ಚಿದರೆ ಗೋಳಗುಮ್ಮಟದೊಳಗೆ ನಿಂತಂತೆ ಮಾತು ತಿರುಗಿ ತಿರುಗಿ ಬರುತ್ತದೆ. ಹಿಂದಿನ ದಿನವೇ ಹೋಗಿ ಕೊನೆಯ ಸಾಲಿನಲ್ಲಿ ಕೂತು ಕೇಳಿ.

ಕಂಪನಿಯ ಆಫೀಸು ಚಿಕ್ಕದು, ಅಚ್ಚುಕಟ್ಟು, ಆದರೆ ಗೇಟಿನಲ್ಲಿ ಹೆಸರಿನ ಪಟ್ಟಿ ಕೊಡಬೇಕು. ಹೋಟೆಲಿನ ಹಾಲ್ ಸ್ಪಾನ್ಸರ್ ಗಟ್ಟಿ ಇದ್ದರೆ ಮಾತ್ರ.

ಬೆಳಗಾವಿಯಲ್ಲಿ ದಿನ ಆರಿಸುವುದು ಒಂದು ಕಲೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಆಗ ಊರಿನಲ್ಲಿ ರೂಮು ಕೇಳಬೇಡಿ. ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆ, ಗಣಪತಿ ಕಳಿಸುವ ದಿನ, ಇವೆರಡರಲ್ಲೂ ರಸ್ತೆ ನಿಮ್ಮದಲ್ಲ. ಮಳೆಗಾಲದಲ್ಲಿ ಖಾನಾಪುರದ ಕಡೆಯವರು ಮನೆ ಬಿಡುವುದಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ಪರೀಕ್ಷೆಯ ವೇಳಾಪಟ್ಟಿ ನೋಡಿ, ಸ್ವಾಯತ್ತ ಕಾಲೇಜುಗಳದ್ದು ಬೇರೆ ಇರುತ್ತದೆ, ಅದನ್ನೂ ಕೇಳಿ. ಇಷ್ಟೆಲ್ಲ ತೆಗೆದ ಮೇಲೆ ಉಳಿಯುವುದು ಫೆಬ್ರವರಿ, ಮಾರ್ಚ್, ಮತ್ತೆ ಸೆಪ್ಟೆಂಬರ್‌-ಅಕ್ಟೋಬರ್‌ನ ಕೆಲವು ಶನಿವಾರಗಳು.

ಮಾತಾಡುವವರು ಅಂದ ಕೂಡಲೇ ಎಲ್ಲರೂ ಬೆಂಗಳೂರಿನ ಕಡೆ ನೋಡುತ್ತಾರೆ. ಬೆಂಗಳೂರು 500 ಕಿಲೋಮೀಟರ್, ಪುಣೆ 340ರ ಆಸುಪಾಸು, ಹುಬ್ಬಳ್ಳಿ 100. ಪುಣೆಯನ್ನು ಯಾಕೆ ಮರೆಯುತ್ತೀರಿ? ಬೆಂಗಳೂರಿನವರೇ ಬೇಕಿದ್ದರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಳಗಾವಿ. 2025ರ ಆಗಸ್ಟ್‌ನಿಂದ ವಂದೇ ಭಾರತ್ ಕೂಡ ಇದೆ. ಇನ್ನೂ ಅಗ್ಗದ ದಾರಿ ಒಂದಿದೆ. ಹೊರಗೆ ಕೆಲಸ ಮಾಡುವ ನಮ್ಮ ಕಡೆಯವರು ಹಬ್ಬಕ್ಕೆ ಊರಿಗೆ ಬಂದೇ ಬರುತ್ತಾರೆ. ದೀಪಾವಳಿಯ ಮುಂದಿನ ಶನಿವಾರ ಒಂದು ಮೀಟಪ್ ಇಟ್ಟರೆ ದೊಡ್ಡ ದೊಡ್ಡ ಕಂಪನಿಯವರು ಅವ್ವ ಕಟ್ಟಿಕೊಟ್ಟ ಉಂಡಿ ಡಬ್ಬಿ ಹಿಡಿದುಕೊಂಡು ಬಂದು ಪುಕ್ಕಟೆ ಮಾತಾಡಿ ಹೋಗುತ್ತಾರೆ.

ಮಾತಾಡುವವರ ಕಡೆಯಿಂದ

ಸಂಘಟನೆ ಬೇಡ, ಮಾತಾಡಬೇಕು ಅಷ್ಟೇ ಅನ್ನುವವರಿಗೂ ಆಯ್ಕೆಯ ಗೊಂದಲ ಇದೆ. ಮೊದಲ ಸಲದವರಿಗೆ ಐದು ನಿಮಿಷದ ಲೈಟ್ನಿಂಗ್ ಟಾಕ್. ತಪ್ಪಿದರೂ ಐದೇ ನಿಮಿಷ ತಪ್ಪಿರುತ್ತದೆ. ಇಪ್ಪತ್ತು ಸ್ಲೈಡ್, ಒಂದೊಂದಕ್ಕೆ ಇಪ್ಪತ್ತು ಸೆಕೆಂಡ್ ಅನ್ನುವ ಪೆಚಕುಚ ಪದ್ಧತಿಯೂ ಇದೆ, ಒಟ್ಟು 6 ನಿಮಿಷ 40 ಸೆಕೆಂಡ್. ಸ್ಲೈಡ್ ತಾನಾಗಿ ಓಡುತ್ತದೆ. ನೋಡಲು ಮಜಾ, ಮಾಡಲು ಕಷ್ಟ. ಹೊಸಬರಿಗೆ ಬೇಡ. ಇಪ್ಪತ್ತೈದು ನಿಮಿಷದ ಮಾತಿಗೆ ಹತ್ತು ಗಂಟೆಯ ತಯಾರಿ ಹಿಡಿಯಿರಿ. ವರ್ಕ್‌ಶಾಪ್ ನಡೆಸುವುದಕ್ಕೆ ಅದರ ಮೂರು ಪಟ್ಟು.

ಭಾಷೆ? ಬೆಳಗಾವಿಯಲ್ಲಿ ಸಭೆಯಲ್ಲಿ ಕನ್ನಡದವರೂ ಇರುತ್ತಾರೆ, ಮರಾಠಿಯವರೂ ಇರುತ್ತಾರೆ. ಯಾವ ಮಾತು ಯಾವ ಭಾಷೆಯಲ್ಲಿ ಅಂತ ವೇಳಾಪಟ್ಟಿಯಲ್ಲೇ ಬರೆದುಬಿಟ್ಟರೆ ಅರ್ಧ ತಕರಾರು ಇರುವುದಿಲ್ಲ. ಕನ್ನಡದಲ್ಲಿ ಮಾತಾಡಿದ ದಿನ ಪ್ರಶ್ನೆಗಳು ಜಾಸ್ತಿ ಬರುತ್ತವೆ, ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕನ್ನಡದ ಸ್ಲೈಡ್ ಮಾಡುವವರು ಎಚ್ಚರ. ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಸ್ಲೈಡ್ ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಖ್ಯೆ ಇರುವ ಯೂನಿಕೋಡ್‌ನಲ್ಲೇ ಬರೆಯಿರಿ, ಪಿಡಿಎಫ್ ಮಾಡಿಟ್ಟುಕೊಳ್ಳಿ. ಹಳೆಯ ಪ್ರೊಜೆಕ್ಟರ್‌ಗೆ ವಿಜಿಎ ತಂತಿಯೇ ಗತಿ, ಅಡಾಪ್ಟರ್ ನಿಮ್ಮ ಚೀಲದಲ್ಲಿರಲಿ. ಕಿಟಕಿಗೆ ಪರದೆ ಇಲ್ಲದ ಹಾಲ್‌ನಲ್ಲಿ ಕಪ್ಪು ಹಿನ್ನೆಲೆಯ ಕೋಡ್ ಯಾರಿಗೂ ಕಾಣದು, ಬಿಳಿ ಮಾಡಿ.

ವಿಷಯ ಹುಡುಕಲು ದೂರ ಹೋಗಬೇಡಿ. ಹೋದ ವರ್ಷ ಬಾಗಲಕೋಟೆಯಿಂದ ಒಬ್ಬ ಹುಡುಗಿ ಬಂದಿದ್ದಳು. ಅಪ್ಪನ ಸೀರೆ ಅಂಗಡಿಯ ಉದ್ರಿ ಲೆಕ್ಕಕ್ಕೆ ಒಂದು ಸಣ್ಣ ಆ್ಯಪ್ ಮಾಡಿಕೊಟ್ಟಿದ್ದಳು. ಹೆಸರುಗಳನ್ನು ಜೋಡಿಸಿದಾಗ ಕಳಕಪ್ಪ ಮೊದಲು, ಕವಿತಾ ಆಮೇಲೆ ಬರುತ್ತಿತ್ತಂತೆ. ಅಪ್ಪ ಒಪ್ಪಲಿಲ್ಲ. ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ಳಕ್ಕೆ ಕೊಟ್ಟ ಸಂಖ್ಯೆ ಲದ ಪಕ್ಕದಲ್ಲೇ, ವಕ್ಕಿಂತ ಮೊದಲೇ ಇದೆ. ಬರೀ ಸಂಖ್ಯೆ ನೋಡಿ ಜೋಡಿಸುವ ಪ್ರೋಗ್ರಾಮ್ ಅದಕ್ಕೇ ಎಡವುತ್ತದೆ. ಕನ್ನಡದ ಕ್ರಮ ಗೊತ್ತಿರುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸಿ ಅವಳು ಸರಿ ಮಾಡಿದ್ದಳು.

"ಸರ್, ಇಷ್ಟ ಸಣ್ಣ ವಿಷಯ ಹೇಳಿದ್ರ ನಡೀತೈತೇನ್ರಿ?" ಅಂತ ಬಾಗಿಲಲ್ಲೇ ಕೇಳಿದಳು. ಐದು ನಿಮಿಷದ ಮಾತು, ಪ್ರಶ್ನೆ ಇಪ್ಪತ್ತು ನಿಮಿಷ ನಡೆಯಿತು. ಹತ್ತು ವರ್ಷ ಅನುಭವದ ಒಬ್ಬರು ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದರು. ಮುಂದಿನ ಮೀಟಪ್‌ಗೆ ಅವಳು ಇಬ್ಬರು ಗೆಳತಿಯರನ್ನು ಕರೆದುಕೊಂಡು ಬಂದಳು. ಬಾಗಿಲಲ್ಲಿ ಹೆಸರು ಬರೆದುಕೊಳ್ಳಲು ಆವತ್ತು ಮೂವರೂ ಕೂತಿದ್ದರು.